ಘಾಟಿಯಲ್ಲಿ ಕುದಿಯುತ್ತಿದ್ದ ಪಿಕಪ್

ಬಣಕಲ್
14 ಮಾರ್ಚ್ 1998

ಪ್ರೀತಿಯ ತಮ್ಮ ಶಶಿಗೆ ಅಣ್ಣನ ಹಾರೈಕೆಗಳು.

ನೀನು, ಜಲಜಾಕ್ಷಿ, ಪುಟ್ಟಿ ಧನ್ಯಾ ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಧನ್ಯಾಳ ಕೆಮ್ಮು ಹೋಯಿತೇ? ಅವ್ವ ದಿನಾ ಬೆಳಿಗ್ಗೆ ಕೇಳುತ್ತಾಳೆ. ನನಗೆ ಗೊತ್ತಿಲ್ಲದಿದ್ದರೂ ‘ಹೋಯ್ತಂತೆ’ ಎಂದು ಹೇಳಿ ಹೇಳಿ ಆ ಕೆಮ್ಮನ್ನು ಇಲ್ಲಿಂದಲೇ ವಾಸಿ ಮಾಡಿಟ್ಟಿದ್ದೇನೆ. ನಿನ್ನ ಮಾವನವರ ಮಂಡಿನೋವು ಹೇಗಿದೆ? ಅವರಿಗೆ ನನ್ನ ನಮಸ್ಕಾರ ತಿಳಿಸು. ಅಳಿಯನನ್ನು ಇಷ್ಟು ತಿಂಗಳು ಮನೆಯಲ್ಲಿಟ್ಟುಕೊಂಡು ಒಂದು ಮಾತು ಆಡದವರು ದೊಡ್ಡ ಮನುಷ್ಯರೇ ಸರಿ. ಇಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ನಿನ್ನ ಅತ್ತಿಗೆಗೆ ನನ್ನ ಮೇಲಿನ ಸಿಟ್ಟೊಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಕಾಫಿ ಅರಳಿಸುವ ಹೂಮಳೆ ಇನ್ನೂ ಬಿದ್ದಿಲ್ಲ. ತೋಟದವರೆಲ್ಲ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡಿದ್ದಾರೆ. ಸ್ಪ್ರಿಂಕ್ಲರ್ ಪೈಪು ಸಾಗಿಸಲು ಎಲ್ಲರಿಗೂ ನಮ್ಮ ಗಾಡಿಯೇ ಬೇಕು, ನಾನೊಬ್ಬನೇ ಎಷ್ಟು ಕಡೆ ಓಡಲಿ.

ಮೊನ್ನೆ ನಿಮ್ಮ ಕಳಸದ ಬಸ್ಸಿನ ಕಂಡಕ್ಟರ್ ನಮ್ಮ ಅಂಗಡಿ ಮುಂದೆ ಇಳಿದು, ನೀನು ಅವರ ಧಣಿಗಳ ಬಸ್ಸಿಗೆ ಡ್ರೈವರಾಗಿ ಹತ್ತುತ್ತೀಯೆಂದು ಹೇಳಿದ. ಇನ್ನೂ ಮಾತು ಕೊಟ್ಟಿಲ್ಲವಂತೆ, ಯುಗಾದಿಯ ಮರುದಿನ ಬಂದು ಹೇಳುತ್ತೇನೆ ಅಂದಿದ್ದೀಯಂತೆ. ನಾನು ಅವನಿಗೆ ಚಹಾ ಕೊಡಿಸಿ ‘ಒಳ್ಳೇದಾಯ್ತು ಬಿಡಪ್ಪ’ ಎಂದು ಕಳಿಸಿದೆ. ಅವನು ಅತ್ತ ಹೋದ ಮೇಲೆ ಒಬ್ಬರ ಈರುಳ್ಳಿ ತೂಗಿ ಇನ್ನೊಬ್ಬರ ಚೀಟಿಗೆ ಬರೆದೆ. ನನ್ನ ಕೈಯಲ್ಲಿ ಇಂಥದ್ದು ಆಗಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ಇರಲಿ. ಬಸ್ಸಿನ ಕೆಲಸ ಒಳ್ಳೆಯದು, ಬೇಡ ಅನ್ನಲು ನಾನು ಯಾರು. ಈ ಕಾಗದ ಅದರ ಬಗ್ಗೆ ಅಲ್ಲ, ಗಾಡಿಯ ಬಗ್ಗೆ.

ಆಯುಧಪೂಜೆಯ ಹೊತ್ತಿಗೆ ನಮ್ಮ ಜಗಳವಾಗಿ ನೀನು ಗಾಡಿಯ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಹೋದ ಮೇಲೆ ನಾನೇ ಓಡಿಸುತ್ತಿದ್ದೇನೆ. ಬೇರೆ ಡ್ರೈವರನ್ನು ಇಟ್ಟುಕೊಳ್ಳಲಿಲ್ಲ. ಮೊದಮೊದಲು ಬರೀ ಬಣಕಲ್, ಮೂಡಿಗೆರೆ, ಹತ್ತಿರದ ತೋಟಗಳು, ತೊಂದರೆ ಕಾಣಲಿಲ್ಲ. ಜನವರಿಯಲ್ಲಿ ಘಾಟಿಯ ಕೆಲಸ ಶುರುವಾಯಿತು ನೋಡು, ಇಳಿಯುವಾಗ ಬಾಳೆಗೊನೆ, ಹತ್ತುವಾಗ ಉಜಿರೆಯಿಂದ ತೆಂಗಿನಕಾಯಿ, ಅಲ್ಲಿಂದ ಗ್ರಹಚಾರವೂ ಶುರುವಾಯಿತು. ಇಳಿಯುವಾಗ ಹಸುವಿನ ಹಾಗೆ ಇಳಿಯುತ್ತದೆ. ಲೋಡು ತುಂಬಿ ಚಾರ್ಮಾಡಿ ಹತ್ತಿಸಲು ಹೊರಟರೆ ಅರ್ಧ ಘಾಟಿಗೆ ಬರುವುದರೊಳಗೆ ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿ ಅಲ್ಲೇ ಒರಗಿಕೊಳ್ಳುತ್ತದೆ. ಬಾನೆಟ್ಟಿನ ಸಂದಿಯಲ್ಲಿ ಹಬೆ. ತಿರುವಿನಲ್ಲಿ ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಮಂಗಗಳು ತೆಂಗಿನಕಾಯಿಗೆ ಕೈ ಹಾಕದ ಹಾಗೆ ಕೋಲು ಹಿಡಿದು ಕಾಯಬೇಕು. ಬಿಸಿಯಲ್ಲಿ ಮುಚ್ಚಳ ತೆಗೆಯಬಾರದೆಂದು ನೀನು ಕಲಿಸಿದ್ದು ನೆನಪಿತ್ತು, ಹಾಗಾಗಿ ಮುಖ ಉಳಿಯಿತು. ಹಾದುಹೋಗುವ ಲಾರಿಯವರು ಒಬ್ಬೊಬ್ಬರೂ ಗಾಡಿ ನಿಧಾನ ಮಾಡಿ ಒಂದೇ ಮಾತು ಎಸೆದು ಹೋಗುತ್ತಿದ್ದರು: ‘ಶಶಿ ಇದ್ದಾಗ ಹಿಂಗೆ ಆಗ್ತಿರ್ಲಿಲ್ಲ ಅಲ್ಲ ರಂಗಣ್ಣ?’ ಆ ಮಾತಿನಷ್ಟು ಬಿಸಿ ಆ ಇಂಜಿನ್ನೂ ಆಗಿರಲಿಲ್ಲ.

ಮೂಡಿಗೆರೆಯ ನಮ್ಮ ಮೆಕ್ಯಾನಿಕ್ ವಿಲ್ಫಿಯ ಬಳಿ ಬಿಟ್ಟೆ. ಅವನು ಪಾಪ ಕ್ರಮವಾಗಿಯೇ ನೋಡಿದ. ಮೊದಲು ನೀರು ಎಲ್ಲಾದರೂ ಸೋರುತ್ತದೆಯೋ ಎಂದು ಹೋಸು, ಪಂಪು ಎಲ್ಲ ಒಣಬಟ್ಟೆಯಿಂದ ಒರೆಸಿ ನೋಡಿದ. ಸೋರಿಕೆಯಿಲ್ಲ. ಫ್ಯಾನ್ ಬೆಲ್ಟು ಸಡಿಲವಾಗಿದೆ ಎಂದು ಹೊಸದು ಹಾಕಿದ. ಗಾಡಿಯನ್ನು ಅವನೇ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯವರೆಗೆ ಓಡಿಸಿ ತಂದು ‘ಮುಳ್ಳು ನಡು ಬಿಟ್ಟು ಅಲ್ಲಾಡಿಲ್ಲ, ತಗೊಂಡು ಹೋಗಿ’ ಎಂದ. ನಾನು ತಂದು ಲೋಡು ಹಾಕಿದೆ, ಘಾಟಿಯಲ್ಲಿ ಮತ್ತೆ ಕುದಿಯಿತು. ಮುಂದಿನ ಸಲ ರೇಡಿಯೇಟರನ್ನೇ ಬಿಚ್ಚಿ, ಒಳಗಿನ ಕೊಳವೆಗಳಿಗೆ ಕಡ್ಡಿ ಆಡಿಸಿ ತೊಳೆದ. ಎಸ್ಟೇಟ್ ಹಳ್ಳದ ನೀರು ತುಂಬಿಸಿ ತುಂಬಿಸಿ ಒಳಗೆಲ್ಲ ಕೆಂಪು ರಾಡಿ ಕಟ್ಟಿತ್ತು, ಅದು ನಿಜ. ಓಡಿಸಿ ನೋಡಿದ, ಸರಿಯಿತ್ತು. ನಾನು ಒಯ್ದೆ, ಕುದಿಯಿತು. ಥರ್ಮೋಸ್ಟಾಟ್ ಬದಲಿಸಿದ, ಅದೇ ಕತೆ. ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗಿರಬೇಕೆಂದು ಆಯಿಲ್ ಕಡ್ಡಿ ಎಳೆದು ಇಬ್ಬರೂ ಬೆಳಕಿಗೆ ಹಿಡಿದು ನೋಡಿದೆವು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅದು ಕಪ್ಪಗೆ ಎಣ್ಣೆಯಂತೆಯೇ ಇತ್ತು. ವಿಲ್ಫಿ ಕೈ ಒರೆಸಿಕೊಂಡು ‘ನನ್ನ ಹತ್ರ ಇದ್ದಾಗ ಬಂಗಾರದಂಥ ಗಾಡಿ, ನಿಮ್ಮ ಹತ್ರ ಬಂದ ತಕ್ಷಣ ಜ್ವರ. ನಾನೇನು ಮಾಡ್ಲಿ ಹೇಳಿ ಮಾರಾಯ್ರೆ’ ಎಂದ. ನನಗೆ ಬಂದ ಅನುಮಾನ ಏನೆಂದು ನಿನಗೆ ಹೇಳಬೇಕಾಗಿಲ್ಲ. ಬರೀ ಕೈಯಲ್ಲಿ ಮೇಲೆ ಬಂದವನು ಎಲ್ಲರ ಕೈಯನ್ನೂ ನೋಡುತ್ತಿರುತ್ತಾನೆ. ಇವನು ಒಂದೊಂದೇ ಸಾಮಾನು ಬದಲಿಸಿ ನನ್ನನ್ನು ಮೇಯುತ್ತಿದ್ದಾನೆ ಎಂದುಕೊಂಡೆ.

ಇನ್ನು ಕಳೆದ ವಾರದ್ದು ಕೇಳು. ಅವ್ವ ಧರ್ಮಸ್ಥಳಕ್ಕೆ ಹೋಗಬೇಕೆಂದಳು. ಬಸ್ಸಿನಲ್ಲಿ ವಾಂತಿಯಾಗುತ್ತದೆ, ನಿನ್ನ ಗಾಡಿಯಲ್ಲೇ ಬರುತ್ತೇನೆ ಎಂದು ಹಟ ಹಿಡಿದಳು. ಬಾಳೆಗೊನೆ ಇಳಿಸಿ, ಅವಳಿಗೆ ದರ್ಶನ ಮಾಡಿಸಿ, ಉಜಿರೆಯಲ್ಲಿ ಕಾಯಿ ತುಂಬಿಕೊಂಡು ಹೊರಟೆವು. ಯಥಾಪ್ರಕಾರ ಅದೇ ತಿರುವಿನಲ್ಲಿ ಹಬೆ. ಸುಡುವ ಮಧ್ಯಾಹ್ನ. ಅವ್ವನನ್ನು ಎಲ್ಲಿ ಕೂರಿಸುವುದು? ರಸ್ತೆ ಬದಿಯಲ್ಲಿ ಝರಿಯ ನೀರು ಹರಿದು ನೆಲವೆಲ್ಲ ಒದ್ದೆ. ಗಾಡಿಯ ಮುಂದೆ ಕಟ್ಟಿದ್ದ ಬೋರ್ಡು ಕಣ್ಣಿಗೆ ಬಿತ್ತು. ಅದೇ, ಆಯುಧಪೂಜೆಗೆ ನಾನು ಬರೆಸಿ, ಜಾಲರಿಗೆ ತಂತಿಯಿಂದ ಬಿಗಿದಿದ್ದ ತಗಡಿನ ಬೋರ್ಡು. ಮೇಲೆ ಸಣ್ಣದಾಗಿ ಶ್ರೀ ಅನ್ನಪೂರ್ಣೇಶ್ವರಿ ಪ್ರಸನ್ನ, ಕೆಳಗೆ ಈ ಹೆಡ್‌ಲೈಟಿನಿಂದ ಆ ಹೆಡ್‌ಲೈಟಿನವರೆಗೆ ರಂಗನಾಥ ಟ್ರೇಡರ್ಸ್. ತಂತಿ ಬಿಚ್ಚಿ, ತಗಡನ್ನು ನೆಲಕ್ಕೆ ಹಾಸಿ, ಕೂತುಕೋ ಅವ್ವ ಎಂದೆ. ಅವಳು ಮುಖ ಸಿಂಡರಿಸಿ ‘ದೇವ್ರ ಹೆಸ್ರಿನ ಮೇಲೆ ಕೂರನಾ? ಬುದ್ಧಿ ಎಲ್ಲಿಟ್ಟೀಯ?’ ಎಂದು ಬೈದು, ಸೆರಗು ತಲೆಗೆ ಹೊದ್ದು ರಸ್ತೆಯಂಚಿನ ಬಿಸಿಲಿಗೆ ಕಾದ ಕಟ್ಟೆಯ ಮೇಲೇ ಕೂತಳು. ಬೋರ್ಡನ್ನು ಮತ್ತೆ ಕಟ್ಟುವ ತಾಳ್ಮೆ ನನಗಿರಲಿಲ್ಲ. ಒರೆಸಿ, ಹಿಂದೆ ಕಾಯಿಯ ರಾಶಿಯ ಮೇಲೆ ಎಸೆದೆ. ಇಂಜಿನ್ ತಣಿಯಿತು, ನೀರು ಹಾಕಿದೆ, ಹೊರಟೆವು.

ಆಮೇಲೆ ಆ ಮುಳ್ಳು ಮೇಲೇಳಲೇ ಇಲ್ಲ ಶಶಿ. ಒಂದು ತಿರುವು ಹತ್ತಿದೆ, ಇನ್ನೊಂದು ಹತ್ತಿದೆ. ಎರಡನೇ ಗೇರಿನಲ್ಲಿ ಇಂಜಿನ್ ಗೋಳಿಡುತ್ತಿದೆ, ಮುಳ್ಳು ಮಾತ್ರ ನಡುವಿನಲ್ಲಿ ತೂಕಡಿಸುತ್ತಿದೆ. ಮೀಟರೇ ಕೆಟ್ಟಿತೆಂದು ಗಾಜನ್ನು ತಟ್ಟಿದೆ. ಘಾಟಿಯ ತುದಿಯ ಕೊಟ್ಟಿಗೆಹಾರ ಬಂತು. ಇಳಿದು ಬಾನೆಟ್ ಮೇಲೆ ಕೈಯಿಟ್ಟರೆ ಕೈ ಇಡುವ ಹಾಗಿದೆ. ಲೆಕ್ಕ ತಾಳೆಯಾಗದಿದ್ದರೆ ನನಗೆ ಅನ್ನ ಇಳಿಯುವುದಿಲ್ಲವೆಂದು ನಿನಗೆ ಗೊತ್ತಲ್ಲ. ಅಲ್ಲೇ ನಿಂತು ಕೂಡಿಸಿ ಕಳೆದೆ. ನೀರು ಅದೇ, ಲೋಡು ಅದೇ, ಓಡಿಸಿದವನು ಅದೇ ನಾನು. ಬದಲಾಗಿದ್ದು ಯಾವುದು? ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿಯ ಮುಂದೆ ಆ ತಗಡೊಂದು ಇರಲಿಲ್ಲ.

ಅವ್ವ ಕ್ಯಾಬಿನ್ನಿನಲ್ಲೇ ಕೂತಿದ್ದಳು. ನನ್ನ ಮುಖ ನೋಡಿ ಏನೋ ಅರ್ಥವಾಗಿರಬೇಕು. ‘ಅವತ್ತು ಇಲ್ಲಿ ಹೋಟ್ಲು ಮುಂದೆ ಬೋರ್ಡಿನ ವಿಷ್ಯಕ್ಕೆ ಶಶಿ ಏನಂದಿದ್ದ? ನೀನು ಮನೇಲಿ ಹೇಳಿದ್ದು ಬೇಡ, ಅವನ ಮಾತಲ್ಲೇ ಹೇಳು’ ಎಂದಳು. ನಾನು ಮನೆಯಲ್ಲಿ ಹೇಳಿದ್ದು, ಬೋರ್ಡಿನಲ್ಲಿ ತನ್ನ ಹೆಸರಿಲ್ಲವೆಂದು ಶಶಿ ಜಗಳ ತೆಗೆದ ಎಂದು. ನಾನು ನಂಬಿದ್ದೂ ಅದನ್ನೇ. ಅವ್ವ ಕೇಳಿದಾಗ ನಿನ್ನ ಮಾತು ಇದ್ದ ಹಾಗೆಯೇ ಬಾಯಿಗೆ ಬಂತು: ‘ಆ ಬೋರ್ಡು ಅಲ್ಲಿ ಬೇಡ ಅಣ್ಣ, ಗಾಳಿಗೆ ಅಡ್ಡ ಆಗ್ತದೆ. ಹಿಂದ್ಗಡೆ ಹಾಕನ.’ ಅಷ್ಟೇ. ಅದಕ್ಕೆ ನಾನು, ಹೋಟೆಲಿನ ಬೆಂಚಿನಲ್ಲಿ ಕೂತಿದ್ದ ಅಷ್ಟೂ ಜನ ಕೇಳುವ ಹಾಗೆ, ‘ತಡಿ ಮಾರಾಯ, ನಿನ್ನ ಹೊಟ್ಟೆ ಉರಿಗೂ ಒಂದು ರೇಡಿಯೇಟರ್ ಹಾಕ್ಸನ’ ಎಂದಿದ್ದೆ. ಜನ ನಕ್ಕರು. ಜನ ನಕ್ಕರೆ ನನಗೆ ಇನ್ನೂ ಎರಡು ಮಾತು ಹೆಚ್ಚು ಬರುತ್ತದೆ, ಆ ಎರಡನ್ನೂ ಆಡಿದೆ. ಅವ್ವ ಎಲ್ಲ ಕೇಳಿ, ಕಿಟಕಿಯ ಆಚೆ ನೋಡುತ್ತ, ‘ಹಂಗಾದ್ರೆ ಅವ್ನು ಹೆಸ್ರು ಕೇಳೇ ಇರ್ಲಿಲ್ಲ’ ಎಂದಳು.

ಆದರೂ ನಾನು ಒಂದೇ ಸಲಕ್ಕೆ ನಂಬುವ ಜಾತಿಯಲ್ಲ. ಮುಂದಿನ ಸಲ ಬೋರ್ಡು ಕಟ್ಟಿಕೊಂಡೇ ಘಾಟಿ ಹತ್ತಿಸಿದೆ, ಕುದಿಯಿತು. ಅದರ ಮುಂದಿನ ಸಲ ಬಿಚ್ಚಿಟ್ಟು ಹತ್ತಿಸಿದೆ, ಮುಳ್ಳು ಎದ್ದು ನೋಡಲೂ ಇಲ್ಲ. ಅಲ್ಲಿಂದ ನೆಟ್ಟಗೆ ವಿಲ್ಫಿಯ ಬಳಿಗೆ ಹೋದೆ. ಅವನು ಒಂದು ಹಳೇ ಪೇಪರಿನ ಹಾಳೆ ತಂದು, ಇಂಜಿನ್ ಓಡುತ್ತಿರುವಾಗ ಬರೀ ಜಾಲರಿಗೆ ಹಿಡಿದ. ಫ್ಯಾನು ಎಳೆದ ರಭಸಕ್ಕೆ ಹಾಳೆ ಅಂಟಿಕೊಂಡು ನಿಂತಿತು. ಬೋರ್ಡು ಅಡ್ಡ ಹಿಡಿದು ಅದರ ಮೇಲೆ ಹಾಳೆ ಇಟ್ಟ, ಅದು ಜಾರಿ ನೆಲಕ್ಕೆ ಬಿತ್ತು. ‘ಅಷ್ಟು ಸಲ ಈ ಬೋರ್ಡು ಬಿಚ್ಚಿದೆಯಲ್ಲ, ಒಂದು ಸಲವಾದರೂ ಹೇಳಬಾರದಿತ್ತಾ’ ಎಂದು ಕೇಳಿದೆ. ಆಗ ಅವನು ಹೇಳಿದ್ದು: ‘ರಿಪೇರಿಗೆ ಅಡ್ಡ ಅಂತ ಬಿಚ್ಚಿಟ್ಟೆ, ಬಿಚ್ಚಿಟ್ಟೇ ಓಡಿಸಿ ನೋಡ್ದೆ. ಆಮೇಲೆ ನೀವು ಬಂದು ನಿಮ್ಮ ಕೈಯಾರೆ ಕಟ್ಕೊಂಡು ಹೋಗ್ತಿದ್ರಿ. ಹಬ್ಬಕ್ಕೆ ಕಟ್ಟಿದ್ದು, ಮೆರವಣಿಗೆ ಮುಗಿದ್ಮೇಲೆ ತೆಗೀತೀರಿ ಅಂದ್ಕಂಡೆ. ನಿಮಗೆ ದಿನಾ ಮೆರವಣಿಗೆ ಅಂತ ನನಗೇನು ಗೊತ್ತು.’ ನಾನು ನಕ್ಕೆ, ಬೇರೆ ದಾರಿಯಿರಲಿಲ್ಲ. ಅವನ ಮೇಲಿದ್ದ ಅನುಮಾನವನ್ನು ಅವನಿಗೆ ತಿಳಿಯದ ಹಾಗೆ ಅಲ್ಲೇ ತೆಗೆದುಹಾಕಿದೆ.

ಒಂದು ಮಾತು ಬರೆಯುತ್ತೇನೆ, ಓದಿ ನಗಬೇಡ. ಸೈಕಲ್ಲಿನ ಹಿಂದೆ ಬಾಳೆಗೊನೆ ಕಟ್ಟಿಕೊಂಡು ತೋಟದ ಗೇಟುಗಳ ಮುಂದೆ ನಿಲ್ಲುತ್ತಿದ್ದ ಕಾಲದಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದುದು ‘ಏ ಬಾಳೆಕಾಯಿ’ ಎಂದು. ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಧಣಿಗಳು ಎಲ್ಲ ಹಾಗೇ. ಆಗ ಗೊನೆ ಜಾರದ ಹಾಗೆ ಹಿಂದಿನಿಂದ ಹಿಡಿದು ಓಡಿ ಬರುತ್ತಿದ್ದವನು ನೀನು. ಆ ಬೋರ್ಡನ್ನು ಗಾಡಿಯ ಮುಂದೆಯೇ ಕಟ್ಟಬೇಕೆಂದು ನನಗೆ ಏಕೆ ಅಷ್ಟು ಆಸೆಯಾಯಿತೆಂದು ಬೇರೆ ಯಾರಿಗೂ ಹೇಳಬೇಕಾಗಿಲ್ಲ, ನಿನಗೆ ಹೇಳಬಹುದು. ಗೇಟಿನಲ್ಲಿ ನಿಂತವನು ಗಾಡಿ ಬರುತ್ತಿರುವಾಗಲೇ ಓದಬೇಕು, ಹೋದ ಮೇಲೆ ಅಲ್ಲ. ಹಿಂದೆ ಹಾಕನ ಎಂದು ನೀನು ಅಂದಾಗ ನನಗೆ ಕೇಳಿಸಿದ್ದು ಗಾಳಿಯ ವಿಷಯವಲ್ಲ, ಆ ಗೇಟುಗಳ ಸದ್ದು. ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ನೀನು ಇಂಜಿನ್ನಿನ ಕಡೆ ಮಾತಾಡಿದೆ, ಅಷ್ಟೇ. ಈಗ ಆ ಬೋರ್ಡನ್ನು ಅಂಗಡಿಯ ಬಾಗಿಲ ಮೇಲೆ ಹೊಡೆಸಿದ್ದೇನೆ. ಅಂಗಡಿಗೆ ರೇಡಿಯೇಟರ್ ಇಲ್ಲ.

ಕಾಗದ ಉದ್ದವಾಯಿತು, ಕಳಸದ ಬಸ್ಸು ಬರುವ ಹೊತ್ತೂ ಆಯಿತು. ಅದೇ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಧನ್ಯಾಳಿಗೆ ನಿನ್ನ ಅತ್ತಿಗೆ ಕಟ್ಟಿಕೊಟ್ಟ ರವೆ ಉಂಡೆಯ ಡಬ್ಬಿ ಇದೆ. ಡಬ್ಬಿ ವಾಪಸು ಬೇಕಂತೆ, ಯಾರಾದರೂ ತಂದುಕೊಟ್ಟರೆ ಸಾಕಂತೆ. ಯಾರಾದರೂ ಅಂದರೆ ಯಾರೆಂದು ನಾನು ಕೇಳಲಿಲ್ಲ. ಜಲಜಾಕ್ಷಿಗೆ ಆಶೀರ್ವಾದ, ಮಗುವಿಗೆ ಮುತ್ತು, ಮಾವನವರಿಗೆ ಮತ್ತೊಮ್ಮೆ ನಮಸ್ಕಾರ. ಅವ್ವ ತಲೆ ಮುಟ್ಟಿ ಹರಸಿದ್ದಾಳೆಂದು ಬರೆಯಲು ಹೇಳಿದಳು.

ನಿನ್ನ ಅಣ್ಣ,
ರಂಗನಾಥ

ಮರೆತೆ: ನಿನ್ನೆ ಕೊಟ್ಟಿಗೆಹಾರದಲ್ಲಿ ಅದೇ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಅವತ್ತು ನಕ್ಕಿದ್ದವರಲ್ಲಿ ಸಿಕ್ಕವರನ್ನೆಲ್ಲ ಕೂರಿಸಿ, ಪೇಪರ್ ಹಾಳೆ ಹಿಡಿದು ತೋರಿಸಿ, ಶಶಿ ಹೇಳಿದ್ದೇ ಸರಿ, ಉರಿದಿದ್ದು ನನ್ನ ಹೊಟ್ಟೆ ಎಂದು ಹೇಳಿ ಬಂದಿದ್ದೇನೆ. ಅವತ್ತಿಗಿಂತ ಜೋರಾಗಿ ನಕ್ಕರು. ಹೋಟೆಲಿನ ಗುರುವಯ್ಯ ನನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನೂ ಮರೆತು ನಕ್ಕ. ಇವತ್ತು ಪೇಂಟರ್ ಬಂದು ಗಾಡಿಯ ಹಿಂದಿನ ಬಾಗಿಲಿಗೆ ಶಶಿಧರ್ ಮತ್ತು ರಂಗನಾಥ ಎಂದು ಬರೆದಿದ್ದಾನೆ, ನಿನ್ನದು ಮೊದಲು. ಹಿಂದುಗಡೆಯೇ ಬರೆಸಿದ್ದೇನೆ, ನೀನು ಹೇಳಿದ ಜಾಗದಲ್ಲಿ. ಬಸ್ಸಿನವರಿಗೆ ಏನು ಹೇಳುತ್ತೀಯೋ ನಿನ್ನಿಷ್ಟ, ಆದರೆ ನಾವು ಬರುವ ಮೊದಲು ಹೇಳಬೇಡ. ಹಬ್ಬದ ಹಿಂದಿನ ದಿನ ಅವ್ವನನ್ನು ಕೂರಿಸಿಕೊಂಡು ಬಾಳೂರಿನ ಮೇಲೆ ಕಳಸಕ್ಕೆ ಬರುತ್ತಿದ್ದೇನೆ. ಬರುವಾಗ ಸ್ಟೇರಿಂಗ್ ನಾನು ಹಿಡಿಯುತ್ತೇನೆ. ಹೋಗುವಾಗ ಅವ್ವನಿಗೆ ಕಿಟಕಿ ಬೇಕಂತೆ, ನಾನು ನಡುವೆ ಕೂರುತ್ತೇನೆ.