ಬೂಟು ಬಿಟ್ಟು ತೆಗೆದ ಅಳತೆ

ಅಪ್ಪಾ,

ನಿಮ್ಮ ಶವಪೆಟ್ಟಿಗೆ ಮಾಡಿದ್ದು ಸಾಕ್ಷಾತ್ ಪಾದ್ರಿಗಳಾದ ನಾನೇ. ನೀವು ಹೋದ ಮೇಲೆ ಊರಲ್ಲಿ ಪೆಟ್ಟಿಗೆ ಮಾಡುವವರು ಇನ್ಯಾರಿದ್ದಾರೆ? "ಇದೂ ದೇವರು ಕೊಟ್ಟ ಕೆಲಸ ಕಣೋ" ಅಂತ ನೀವು ಉಳಿ ಚಾಚಿದಾಗ, "ದೇವರು ನನ್ನನ್ನು ಕರೆದಿರೋದು ಬೋಧನೆಗೆ" ಎಂದು ಬೈಬಲ್ ಹಿಡಿದು ಹೊರಟಿದ್ದೆನಲ್ಲ, ಆ ಮಹಾನುಭಾವ.

ಇವತ್ತು ನಿಮ್ಮನ್ನು ಒಳಗೆ ಮಲಗಿಸಿದರೆ ಮುಚ್ಚಳ ಕೂರಲಿಲ್ಲ. ಬೂಟು ಹಾಕುವ ಮೊದಲೇ ಅಳೆದುಬಿಟ್ಟಿದ್ದೆ! ಸೋದರತ್ತೆ ಸುಮ್ಮನಿರುತ್ತಾರೆಯೇ? "ಪಾದ್ರಿಗಳೇ, ಒಂದು ಪ್ರಸಂಗ ಮಾಡಿ. ಪೆಟ್ಟಿಗೆ ಉದ್ದ ಆಗುತ್ತೇನೋ ನೋಡೋಣ."

ನಿಮ್ಮ ಬೂಟು ನಾನೇ ಬಿಚ್ಚಿದೆ. ಬರಿಗಾಲಲ್ಲೇ ಹೋದಿರಿ. ದೇವರ ಕರೆಯ ಬಗ್ಗೆ ಸಿದ್ಧಮಾಡಿಕೊಂಡ ಪ್ರಸಂಗವನ್ನು ಮಡಚಿ ಜೇಬಿಗಿಟ್ಟು ಮುಚ್ಚಳಕ್ಕೆ ಮೊಳೆ ಹೊಡೆದೆ.

ಈಗ ಚರ್ಚಿನ ಗಂಟೆ ಬಾರಿಸುವವನು ಬಾಗಿಲಲ್ಲಿ ನಿಂತಿದ್ದಾನೆ. ಅವನಣ್ಣ ತೀರಿಕೊಂಡನಂತೆ. ನಾನು ಬೈಬಲ್ಲಿಗೆ ಕೈಹಾಕಿದೆ.

"ಪ್ರಾರ್ಥನೆ ಆಮೇಲೆ ಮಾಡೋರಂತೆ, ಮೊದಲು ಅಳತೆ ತಗೊಳ್ಳಿ" ಎಂದ. "ಬೂಟು ಆಗಲೇ ಹಾಕಿಟ್ಟಿದ್ದೀನಿ."