ಮುದ್ದೆಗೆಂದು ಕಳಿಸಿದ ಹಾರ್ನೆಸ್

ಆಂಟಾಪ್ ಹಿಲ್, ಮುಂಬೈ
೧೭ ಜುಲೈ ೨೦೨೫

ಪ್ರೀತಿಯ ಅಚಿಂತ್ಯ,

ಹೇಗಿದ್ದೀಯ? ಅಪೇಕ್ಷಾ ಚೆನ್ನಾಗಿದ್ದಾಳೆಯೇ? ಅಹಮದಾಬಾದಿನ ಸೆಖೆ ಈ ಮಳೆಗಾದರೂ ಇಳಿದಿರಬೇಕು. ಹೊಟ್ಟೆಯುರಿ ಎನ್ನುತ್ತಿದ್ದೆ, ಹೊರಗಿನ ತಿಂಡಿ ಕಡಿಮೆ ಮಾಡು, ಮಜ್ಜಿಗೆ ಕುಡಿ. ವಿಡಿಯೋ ಕಾಲಿನಲ್ಲಿ ಮುಖ ನೋಡುವ ಅಕ್ಕ ಕಾಗದ ಯಾಕೆ ಬರೆದಳು ಎಂದು ನಿನಗೆ ಅನಿಸಬಹುದು. ನಮ್ಮದು ಒಂದು ರೂಮು, ಒಂದು ಅಡುಗೆಮನೆ ಎಂಬುದು ನಿನಗೆ ಮರೆತಿರಲಾರದು. ಫೋನಿನಲ್ಲಿ ಪಿಸುಗುಟ್ಟಿದರೂ ಅಮ್ಮನಿಗೆ ಕೇಳಿಸುತ್ತದೆ, ಕಣ್ಣು ಮಂಜಾದ ಮೇಲೆ ಅವಳ ಕಿವಿ ಇನ್ನೂ ಚುರುಕಾಗಿದೆ. ಮೆಸೇಜು ಹಾಕಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಮುದ್ದೆಯ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಓದುವುದಿಲ್ಲ. ಹೊಸ ಫ್ಲ್ಯಾಟಿನಲ್ಲಿ ನಾಯಿ ಸಾಕುವ ಹಾಗಿಲ್ಲ ಎಂದು ಕರುವಿನಷ್ಟು ಎತ್ತರದ ಅದನ್ನು ನನ್ನ ಕುತ್ತಿಗೆಗೆ ಕಟ್ಟಿಹೋದೆ, ಸರಿ, ನೋಡಿಕೊಳ್ಳುತ್ತಿದ್ದೇನೆ. ಅದರ ಕಂಕುಳಲ್ಲಿ ಕೂದಲು ಉದುರಿ ಚರ್ಮ ಕೆಂಪಗಾಗಿತ್ತಲ್ಲ, ಈಗ ಒಣಗುತ್ತಿದೆ. ಎದೆಗೆ ಕಟ್ಟುವ ಹಾರ್ನೆಸ್ ಎಂದು ನೀನು ಮೊದಲು ಕಳಿಸಿದ ಕೆಂಪು ನೈಲಾನಿನದು ಉಜ್ಜಿ ಉಜ್ಜಿ ಗಾಯ ಮಾಡಿತು. ಎರಡನೆಯದು ರಬ್ಬರಿನಂಥ ದಪ್ಪ ಸ್ಪಂಜಿನದು, ಈ ಮಳೆಯಲ್ಲಿ ನೆನೆದರೆ ಸಂಜೆಯವರೆಗೂ ಆರುವುದಿಲ್ಲ, ಒಳಗೆ ಬೆವರು ನಿಂತು ಇನ್ನಷ್ಟು ಕೆರೆತ. ದಾದರಿನ ನಾಯಿ ಡಾಕ್ಟರು ನೋಡಿ, ಎದೆಯ ಮೇಲೆ ಅಗಲವಾಗಿ ಕೂರುವಂಥದ್ದು ಬೇಕು, ಪಟ್ಟಿ ಕಂಕುಳಿಂದ ದೂರವಿರಬೇಕು, ಒಳಗೆ ಮೆತ್ತನೆಯ ಹತ್ತಿ ಇರಬೇಕು, ಮನೆಗೆ ಬಂದ ಕೂಡಲೇ ಬಿಚ್ಚಿ ಮೈ ಒರೆಸಬೇಕು ಎಂದರು. ಅದನ್ನು ನಿನಗೆ ಹೇಳಿದ ದಿನವೇ ನೀನು ಕೂತು ಹುಡುಕಿದೆ. ಯಾವ ಬಟ್ಟೆ, ಯಾವ ಹೊಲಿಗೆ, ಕೊಕ್ಕೆಯ ಲೋಹ ಮೈಗೆ ತಾಗುತ್ತದೆಯೇ ಎಂದೆಲ್ಲ ವಿಚಾರಿಸಿದೆ. ನನ್ನಿಂದ ಟೇಪು ಹಿಡಿಸಿ ಅದರ ಎದೆಯ ಸುತ್ತಳತೆ ಎರಡೆರಡು ಸಲ ತೆಗೆಸಿದೆ. ನಿನ್ನ ಆಸ್ಥೆಯನ್ನು ನಾನು ಹಗುರ ಮಾಡುತ್ತಿಲ್ಲ. ಮೂಕಪ್ರಾಣಿ, ಅದಕ್ಕೂ ನೋವಾಗುತ್ತದೆ.

ಆದರೆ ಅವತ್ತು ನೀನು ಏನು ಹೇಳಿದೆ ನೆನಪಿದೆಯೇ? "ಅಕ್ಕಾ, ಕ್ಯಾಮೆರಾ ಸ್ವಲ್ಪ ಕೆಳಗೆ ಮಾಡು, ಹಿಂದೆ ಲೈಟ್ ಜಾಸ್ತಿ, ಅವನ ಕಂಕುಳು ಕಾಣಿಸ್ತಾ ಇಲ್ಲ." ಹಿಂದೆ ಇದ್ದದ್ದು ಕಿಟಕಿ, ಕಿಟಕಿಯ ಕೆಳಗೆ ಅಮ್ಮನ ಮಂಚ. ಅವಳನ್ನು ಒಂದು ಮಗ್ಗುಲಿಗೆ ಮಲಗಿಸಿ ಬೆನ್ನಿಗೆ ಗಾಳಿ ಬಿಟ್ಟಿದ್ದೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದಾಗಿನಿಂದ ಮಲಗಿ ಮಲಗಿ ಅವಳ ಬೆನ್ನಿನ ಬುಡದಲ್ಲಿ ಹುಣ್ಣಾಗಿದೆ. ದಿನಾ ನಾನೇ ತೊಳೆದು ಮುಲಾಮು ಹಚ್ಚುತ್ತೇನೆ. ನಾಯಿಯ ಕಾಲೆತ್ತಿ ತೋರಿಸು ಎಂದವನು ಅಮ್ಮನ ಬೆನ್ನು ತೋರಿಸು ಎಂದು ಈವರೆಗೆ ಒಂದು ಸಲವೂ ಕೇಳಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ ಅಚಿಂತ್ಯ, ಬಚ್ಚಿಟ್ಟು ಬರೆಯುವುದಕ್ಕೆ ನನಗೆ ಬರುವುದಿಲ್ಲ.

ಯುಗಾದಿಯ ದಿನ ಅಮ್ಮ ತಾನೇ ಫೋನು ಹಿಡಿದು ನಿನಗೆ ಒಂದು ಮಾತು ಹೇಳಿದ್ದಳು. ವ್ಯಾಯಾಮ ಮಾಡಿಸಲು ಬರುವಾಕೆ ಒಂದು ಮೆತ್ತನೆಯ ಬೆಲ್ಟು ತರಿಸಿ ಎಂದಿದ್ದಳು. ಅದನ್ನು ಎದೆಗೆ ಕಟ್ಟಿದರೆ ಹಿಂದೆ ಒಂದು ಹಿಡಿ ಇರುತ್ತದೆ, ಅದನ್ನು ಹಿಡಿದು ರೋಗಿಯನ್ನು ಏಳಿಸಬಹುದು, ರಟ್ಟೆ ಹಿಡಿದು ಎಳೆಯುವ ಕಷ್ಟವಿಲ್ಲ. "ನೋಡ್ತೀನಮ್ಮ" ಅಂದೆ. ನೋಡುತ್ತಲೇ ಇದ್ದೀಯ. ನಾನೇ ತಂದುಬಿಡುತ್ತೇನೆ ಎಂದು ಎಷ್ಟು ಸಲ ಹೊರಟರೂ ಅಮ್ಮ ಬಿಡಲಿಲ್ಲ. "ಸುಮ್ಮನಿರೇ, ಅವನಿಗೆ ಹೇಳಿದ್ದೀನಿ. ನೀನೂ ತಂದರೆ ಎರಡಾಗುತ್ತೆ. ಅವನು ಬೇಜಾರು ಮಾಡ್ಕೋತಾನೆ." ಅದಕ್ಕೇ ಇವತ್ತಿನವರೆಗೂ ಅವಳ ಕೆಳಗೆ ಹಳೆಯ ಸೀರೆ ತೂರಿಸಿ, ಎರಡೂ ತುದಿ ಹಿಡಿದು ಏಳಿಸುತ್ತಿದ್ದೇನೆ. ಏಳಿಸುವಾಗ ಅವಳು ಹಲ್ಲು ಕಚ್ಚುತ್ತಾಳೆ, ನನ್ನ ಸೊಂಟವೂ ಹಿಡಿದುಕೊಳ್ಳುತ್ತದೆ.

ಮೊನ್ನೆ ಮಂಗಳವಾರ ನಿನ್ನ ಪಾರ್ಸಲ್ ಬಂತು. ನಾನು ಕೆಳಗೆ ಹಾಲಿಗೆ ಹೋಗಿದ್ದೆ. ಎದುರುಮನೆಯ ರಂಜನಾ ತೆಗೆದುಕೊಂಡು ಒಳಗೆ ಬಂದು, "ಆಜಿ, ಅಚಿಂತ್ಯನೆ ಕುಛ್ ಭೇಜಾ ಹೈ" ಎಂದು, ನೀನು ಏನೋ ಕಳಿಸಿದ್ದೀಯ ಎಂದು ಹೇಳಿ ಅಮ್ಮನ ಮಂಚದ ಮೇಲಿಟ್ಟಿದ್ದಾಳೆ. ಅಮ್ಮನ ಬಲವಂತಕ್ಕೆ ಅವಳೇ ಬಿಚ್ಚಿಯೂ ಕೊಟ್ಟಿದ್ದಾಳೆ. ಪಾಪ, ಅವಳಿಗೇನು ಗೊತ್ತು. ನಾನು ಬರುವಷ್ಟರಲ್ಲಿ ಅಮ್ಮ ಆ ಹಾರ್ನೆಸ್ಸನ್ನು ಎದೆಯ ಮೇಲೆ ಹರಡಿಕೊಂಡು ಒಳಗಿನ ಹತ್ತಿಯನ್ನು ಸವರುತ್ತಿದ್ದಳು. ಮೇಲಿನ ಹಿಡಿ ಅವಳ ಕೈಗೆ ಸಿಕ್ಕಿತ್ತು. "ನೋಡೇ ಸುಪ್ರಜಾ, ಎಷ್ಟು ಮೆತ್ತಗಿದೆ. ಹಿಡೀನೂ ಇದೆ. ನೀನು ಸುಮ್ಮನೆ ಅವನನ್ನ ಬೈತಿದ್ದೆ, ನನ್ನ ಮಗ ಮರೆತಿಲ್ಲ ಕಣೇ" ಎಂದಳು. ಮುದ್ದೆ ಮಂಚದ ಪಕ್ಕ ಬಾಲ ಆಡಿಸುತ್ತ ನಿಂತಿತ್ತು. ಅದು ನಾಯಿಯದು ಎಂದು ಹೇಳಿಬಿಡಬೇಕು, ನಿನ್ನ ಬಂಡವಾಳ ಬಯಲು ಮಾಡಬೇಕು ಎಂದು ನಾಲಗೆಯ ತುದಿಯವರೆಗೂ ಬಂದಿತ್ತು. ಅವಳ ಮುಖ ನೋಡಿದೆ. ಹೌದಮ್ಮ ಎಂದೆ. ನಿನ್ನ ಮಾನ ಉಳಿಸಲು ಹಾಗೆ ಹೇಳಿದೆ ಎಂದು ತಿಳಿಯಬೇಡ.

ಈಗ ಮುದ್ದೆಗೆ ಹಳೆಯ ಪಂಚೆಯನ್ನು ಮಡಿಸಿ ಒಂದು ಪಟ್ಟಿ ಹೊಲಿದು ಹಾಕಿದ್ದೇನೆ. ಅದರ ಚಿಂತೆ ಬಿಡು. ಫೋಟೋ ಕಳಿಸು, ಫೋಟೋ ಕಳಿಸು ಎಂದು ನೀನು ಕೇಳುತ್ತಿದ್ದೀಯ. ನಾನು ಯಾಕೆ ಕಳಿಸಿಲ್ಲ ಎಂಬುದು ಈಗ ತಿಳಿದಿರಬೇಕು.

ಬೈದಿದ್ದೇನೆಂದು ಅಪೇಕ್ಷಾಗೆ ಹೇಳುವುದು ಬೇಡ, ಅವಳಿಗೆ ನನ್ನ ಪ್ರೀತಿ ತಿಳಿಸು. ಇಬ್ಬರೂ ನೆಮ್ಮದಿಯಾಗಿರಿ, ಆರೋಗ್ಯವಾಗಿರಿ. ಇಷ್ಟೆಲ್ಲ ಸಿಟ್ಟಿದ್ದರೂ ಈ ಹಾರೈಕೆಯನ್ನು ಮನಸ್ಸಿನಿಂದಲೇ ಬರೆದಿದ್ದೇನೆ.

ನಿನ್ನ ಅಕ್ಕ,
ಸುಪ್ರಜಾ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಇದೊಂದು ಬರೆಯಲೇಬೇಕು. ಇವತ್ತು ಬೆಳಿಗ್ಗೆ ಅಮ್ಮ ಅದನ್ನು ಹಾಕು ಎಂದು ಹಟ ಹಿಡಿದಳು, ಹಾಕಿದೆ. ಮುದ್ದೆಯ ಅಳತೆಗೆ ತರಿಸಿದ್ದು ಸೊರಗಿಹೋದ ಅವಳಿಗೆ ಸಡಿಲವಾಯಿತು, ಪಟ್ಟಿ ಎಳೆದು ಬಿಗಿ ಮಾಡಬೇಕಾಯಿತು. ಹಿಡಿ ಹಿಡಿದು ಏಳಿಸಿದಾಗ ನೋವಾಗಲಿಲ್ಲ ಎಂದಳು, ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಭಾನುವಾರದೊಳಗೆ ನಿನ್ನ ಕೈ ಸೇರಬೇಕು. ಆ ದಿನ ಅಮ್ಮ ತಾನೇ ನಿನ್ನ ಜೊತೆ ಮಾತಾಡುತ್ತಾಳಂತೆ, ಬೆಲ್ಟು ಸರಿಹೋಯಿತು ಕಣೋ ಎಂದು ಹೇಳುತ್ತಾಳಂತೆ. ಹೂಂ ಅಮ್ಮ ಅನ್ನು, ಸಾಕು. ಯಾವ ಬೆಲ್ಟು ಎಂದು ಮಾತ್ರ ಕೇಳಬೇಡ.