ಗುಂಡಿ ಏನೋ ನುಂಗಿದೆ

ಸೋಮವಾರ ೧೨, ಬೆಳಿಗ್ಗೆ

ಶಾಲೆಯ ಯೂನಿಫಾರ್ಮ್ — ಇನ್ನೂ ಕಾಲರ್ ಬಾಕಿ. ಕಟಿಂಗ್ ಟೇಬಲ್ ಕೆಳಗೆ ನಮ್ಮ ಗುಂಡಿ ಏನನ್ನೋ ಅಗಿಯುತ್ತಿತ್ತು. ಬಾಯಿಗೆ ಕೈ ಹಾಕುವಷ್ಟರಲ್ಲಿ ಗುಳುಂ. ನಾಯಿ ಡಾಕ್ಟರಿಗೆ ಫೋನ್ ಮಾಡಿದೆ.

"ಟೈಲರ್ ಅಂಗಡಿಯಿಂದ, ಡಾಕ್ಟ್ರೇ. ಗುಂಡಿ ಏನೋ ನುಂಗ್ಬಿಟ್ಟಿದೆ."

"ಚಿಕ್ಕದಾ, ದೊಡ್ಡದಾ?"

"ಚಿಕ್ಕದೇ."

"ಹಾಗಾದ್ರೆ ಭಯ ಬೇಡ. ತಾನಾಗೇ ಆಚೆ ಬರುತ್ತೆ."

ಹೋದ ಜೀವ ಬಂತು. ಮತ್ತೆ ಕಾಲರ್.

ಸಂಜೆ

ಗುಂಡಿ ಊಟ ಮುಟ್ಟಲಿಲ್ಲ. ಕರೆದರೆ ಬಾಲ ಮಾತ್ರ ಅಲ್ಲಾಡುತ್ತದೆ. ಮಾವ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಾರೆ. ನಮ್ಮ ಯಜಮಾನರು ತಂದ ನಾಯಿ, ಇವರೇ ಇಟ್ಟ ಹೆಸರು. ಇವರು ತೀರಿಕೊಂಡಾಗಿನಿಂದ ಮಾವ ಮಾತಾಡುವುದು ಅದರ ಜೊತೆ ಮಾತ್ರ. ನನಗೆ 'ಹೂಂ', 'ಉಹೂಂ'. ಅದಕ್ಕೂ ಏನಾದರೂ ಆದರೆ ಮಾವ ಉಳಿಯುವುದಿಲ್ಲ. ಬರೆಯಬಾರದಿತ್ತು... ಬರೆದೆ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣವೇ ಅನ್ನಿಸಿತು. ಡಾಕ್ಟರೇ ಭಯ ಬೇಡ ಎಂದಿದ್ದಾರಲ್ಲ — ಸುಮ್ಮನಾದೆ.

ಮಂಗಳವಾರ ೧೩

ಎದ್ದು ನಿಲ್ಲಲಾರದು. ಎತ್ತಿಕೊಂಡು ಓಡಿದೆ. ಏನು ತಿಂದಿತ್ತು ಎಂದರು ಡಾಕ್ಟರ್. ನಿನ್ನೆಯೇ ಫೋನ್ ಮಾಡಿದ್ದೆನಲ್ಲ ಎಂದೆ.

"ಅಂಗಿ ಗುಂಡಿ ನುಂಗಿದ್ರೆ ಹೀಗಾಗಲ್ಲವಲ್ಲಮ್ಮ."

"ಗುಂಡಿ ಇದರ ಹೆಸರು, ಡಾಕ್ಟ್ರೇ."

ಬೇರೆ ದಿನವಾಗಿದ್ದರೆ, ಇವರು ಇದ್ದಿದ್ದರೆ, ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಎದೆಬಡಿತ ತೀರ ನಿಧಾನವಂತೆ. ಡ್ರಿಪ್ ಹಾಕಿದರು. ಉಪ್ಪುನೀರು ಕುಡಿಸದಿದ್ದದ್ದೇ ಒಳ್ಳೆಯದಾಯಿತು, ಮನೆಗೆ ಹೋಗಿ ಹುಡುಕಿ, ಚೂರು ಸಿಕ್ಕಿದರೂ ತನ್ನಿ ಎಂದರು.

ಟೇಬಲ್ ಕೆಳಗಿನ ಚಿಂದಿ ಮೂಟೆ ಸುರಿದೆ. ತಳದಲ್ಲಿ ಮಾತ್ರೆಗಳು. ಕೆಲವು ಬಾಯಿಗೆ ಹಾಕಿಕೊಂಡು ಉಗುಳಿದಂಥವು. ಮಾವನ ಬಿಪಿ ಮಾತ್ರೆ — ದಿನಾ ನಾನೇ ಕೈಗಿಟ್ಟು, ನುಂಗಿದಿರಾ ಎಂದು ಕೇಳಿ, 'ಹೂಂ' ಅನ್ನಿಸಿಕೊಂಡವು.

ಮಾವ ಬಾಗಿಲಲ್ಲಿ ನಿಂತಿದ್ದರು.

"ಸಾಕು ಅನ್ನಿಸಿತ್ತಮ್ಮ. ಅದು ತಿನ್ನುತ್ತೆ ಅಂತ ಗೊತ್ತಿರ್ಲಿಲ್ಲ."

ಸಿಟ್ಟು ಉಕ್ಕಿ ಬಂತು. ಸಿಟ್ಟಿಗಿಂತ ಹೆಚ್ಚು ಭಯ. ಮಾತ್ರೆ ಮುಷ್ಟಿಯಲ್ಲಿ ಹಿಡಿದು ಮತ್ತೆ ಆಸ್ಪತ್ರೆಗೆ ಓಡಿದೆ.

ಗುರುವಾರ ೧೫

ನಿನ್ನೆಯೆಲ್ಲ ಆಸ್ಪತ್ರೆಯ ಬೆಂಚು. ತಿಂದದ್ದು ಯಾವುದೆಂದು ಗೊತ್ತಾದ ಮೇಲೆ ಡಾಕ್ಟರಿಗೂ ದಾರಿ ಸಿಕ್ಕಿತು. ಬೆಳಿಗ್ಗೆ ಫೋನ್ ಬಂತು — ಗುಂಡಿ ತಾನಾಗಿ ನೀರು ಕುಡಿದಿದೆ, ಕರೆದುಕೊಂಡು ಹೋಗಬಹುದು.

ಕೊಡುವ ಮೊದಲೇ ಮಾವ ಮಾತ್ರೆಗೆ ಕೈ ಚಾಚಿದರು. ನುಂಗಿ, ಮಕ್ಕಳ ಹಾಗೆ ಬಾಯಿ ತೆರೆದು ತೋರಿಸಿದರು. ಬೇಡ, ನಂಬಿದೆ ಎಂದೆ. ಆದರೂ ನಾಲಿಗೆ ಕೆಳಗೆ ನೋಡಿದೆ.

ಈಗ ಚಪ್ಪಲಿ ಹಾಕಿಕೊಂಡು ಹೊರಗೆ ನಿಂತಿದ್ದಾರೆ.

"ಬಾರಮ್ಮ, ಇಬ್ರೂ ಹೋಗೋಣ. ನೀನು ನಿನ್ನೆಯಿಂದ ಏನೂ ತಿಂದಿಲ್ಲ, ದಾರೀಲಿ ಏನಾದ್ರೂ ತಿನ್ನು."

ಹೂಂ ಅಲ್ಲ, ಉಹೂಂ ಅಲ್ಲ. ನನ್ನ ಜೊತೆ, ಇಷ್ಟುದ್ದ —